ಚಿಮ್ಮಿದ ನಾಣ್ಯದ ಮೇಲೆ ಎಷ್ಟು ಬಲ?

ಟಾಸ್‌ಗೆಂದು ಕ್ರಿಕೆಟ್ ನಾಯಕ ನಾಣ್ಯ ಚಿಮ್ಮಿದ್ದಾನೆ. ಅದು ಹೆಬ್ಬೆರಳನ್ನು ಬಿಟ್ಟಾಗಿದೆ, ಇನ್ನೂ ಮೇಲೇರುತ್ತಿದೆ. ಗಾಳಿಯ ತಡೆಯನ್ನು ಲೆಕ್ಕಕ್ಕೆ ಹಿಡಿಯದಿದ್ದರೆ, ಈ ಕ್ಷಣ ಅದರ ಮೇಲೆ ಯಾವ ಯಾವ ಬಲಗಳಿವೆ?

ಅಮೆರಿಕದ ಮ್ಯಾಸಚೂಸೆಟ್ಸ್ ವಿಶ್ವವಿದ್ಯಾಲಯದ ಜಾನ್ ಕ್ಲೆಮೆಂಟ್ ಇಂಥದೇ ಪ್ರಶ್ನೆಯನ್ನು ಎಂಜಿನಿಯರಿಂಗ್ ವಿದ್ಯಾರ್ಥಿಗಳ ಮುಂದಿಟ್ಟು, ಬಂದ ಉತ್ತರಗಳನ್ನು 1982ರಲ್ಲಿ ಪ್ರಕಟಿಸಿದರು. ಹೆಚ್ಚಿನವರು ಎರಡು ಬಾಣ ಬರೆದಿದ್ದರು. ಕೆಳಕ್ಕೆ ಗುರುತ್ವ, ಮೇಲಕ್ಕೆ ಕೈಯಿಂದ ನಾಣ್ಯದೊಳಗೆ ಸೇರಿಕೊಂಡ ಬಲ. ಏರುತ್ತ ಏರುತ್ತ ಮೇಲಿನ ಬಲ ಕರಗುತ್ತದೆ, ತುದಿಯಲ್ಲಿ ಎರಡೂ ಸರಿಸಮ, ಆಮೇಲೆ ಗುರುತ್ವದ್ದೇ ಮೇಲುಗೈ. ಕೇಳಲು ಸೊಗಸಾಗಿದೆ, ಆದರೆ ಪೂರ್ತಿ ತಪ್ಪು. ಬೆರಳು ಬಿಟ್ಟ ಮೇಲೆ ನಾಣ್ಯದ ಮೇಲಿರುವುದು ಗುರುತ್ವ ಒಂದೇ.

ಹೀಗೆ ಉತ್ತರಿಸಿದವರನ್ನು ದಡ್ಡರೆನ್ನುವ ಹಾಗಿಲ್ಲ. ಕ್ರಿಸ್ತಪೂರ್ವ 2ನೇ ಶತಮಾನದ ಗ್ರೀಕ್ ಖಗೋಳಜ್ಞ ಹಿಪ್ಪಾರ್ಕಸ್ ಹೆಚ್ಚುಕಡಿಮೆ ಇದೇ ವಿವರಣೆ ಕೊಟ್ಟಿದ್ದ. 1590ರ ಸುಮಾರಿಗೆ ಪೀಸಾದಲ್ಲಿ ಪಾಠ ಹೇಳುತ್ತಿದ್ದ ತರುಣ ಗೆಲಿಲಿಯೊ ಕೂಡ ಚಲನೆಯ ಕುರಿತ ತನ್ನ ಹಸ್ತಪ್ರತಿಯಲ್ಲಿ ಇದನ್ನೇ ಬರೆದ. ಅವನ ಪುಣ್ಯ, ಬದುಕಿರುವವರೆಗೆ ಅದು ಅಚ್ಚಾಗಲಿಲ್ಲ!

ನಮ್ಮ ದಿನನಿತ್ಯದ ಅನುಭವವೂ ಅದಕ್ಕೇ ಸಾಕ್ಷಿ ನುಡಿಯುತ್ತದೆ. ಬೀರುವನ್ನು ತಳ್ಳಿದರೆ ಜರುಗುತ್ತದೆ, ಕೈ ತೆಗೆದರೆ ನಿಲ್ಲುತ್ತದೆ. ಹಾಗಾಗಿ ಚಲಿಸುವುದಕ್ಕೆಲ್ಲ ಬಲ ಬೇಕೇ ಬೇಕು ಎಂದು ಮನಸ್ಸು ತೀರ್ಮಾನಿಸಿಬಿಡುತ್ತದೆ. ಬೀರುವನ್ನು ನಿಲ್ಲಿಸಿದ್ದು ನೆಲದ ಘರ್ಷಣೆ ಎಂಬುದು ಕಣ್ಣಿಗೆ ಬೀಳುವುದಿಲ್ಲ. ಬಲ ಬೇಕಾಗುವುದು ವೇಗ ಬದಲಾಗುವುದಕ್ಕೆ. ಇದ್ದ ವೇಗ ಇದ್ದಂತೆಯೇ ಉಳಿಯಲು ಯಾವ ಬಲವೂ ಬೇಡ.

ಎಲ್ಲರೂ ಎಡವುವುದು ತುದಿಯಲ್ಲಿ. ಸೆಕೆಂಡಿಗೆ 9.8 ಮೀಟರ್ ವೇಗದಲ್ಲಿ ನೆಟ್ಟಗೆ ಮೇಲೆಸೆದ ಚೆಂಡು ಒಂದು ಸೆಕೆಂಡಿನಲ್ಲಿ 4.9 ಮೀಟರ್ ಏರುತ್ತದೆ. ಅಲ್ಲಿ ಅದರ ವೇಗ ಸೊನ್ನೆ. ವೇಗೋತ್ಕರ್ಷ, ಅಂದರೆ ವೇಗ ಬದಲಾಗುವ ದರ? ಅದೂ ಸೊನ್ನೆ ಎನ್ನುವವರೇ ಬಹಳ. ಮೊದಲ ಸೆಕೆಂಡಿನಲ್ಲಿ ಮೇಲ್ಮುಖವಾಗಿದ್ದ 9.8 ಸೊನ್ನೆಯಾಯಿತು, ಮುಂದಿನ ಸೆಕೆಂಡಿನಲ್ಲಿ ಸೊನ್ನೆಯಿದ್ದದ್ದು ಕೆಳಮುಖವಾಗಿ 9.8 ಆಗುತ್ತದೆ. ಎರಡರಲ್ಲೂ ಬದಲಾವಣೆ ಅಷ್ಟೇ, ದಿಕ್ಕೂ ಒಂದೇ, ನಡುವೆ ಬಿಡುವೇ ಇಲ್ಲ. ತುದಿ ತಲುಪಿದ ಮೇಲೆ ವೇಗೋತ್ಕರ್ಷವೂ ಸೊನ್ನೆಯಾಗಿ ಹಾಗೇ ಉಳಿದಿದ್ದರೆ ಚೆಂಡು ಕೆಳಗಿಳಿಯುತ್ತಲೇ ಇರಲಿಲ್ಲ, ತ್ರಿಶಂಕುವಾಗುತ್ತಿತ್ತು.

ಗೆಲಿಲಿಯೊ ಈ ಗೋಜಲಿನಿಂದ ಹೊರಬಂದದ್ದು ಅಳತೆಯ ಮೂಲಕ. ನೇರ ಬೀಳುವ ವಸ್ತುವಿನ ಓಟ ಅಂದಿನ ಗಡಿಯಾರಗಳ ಕೈಗೆ ಸಿಗುವಂಥದ್ದಲ್ಲ. ಅದಕ್ಕಾಗಿ ಸುಮಾರು 7 ಮೀಟರ್ ಉದ್ದದ ತೊಲೆಯಲ್ಲಿ ಕಾಲುವೆ ಕೊರೆಸಿ, ಓರೆಯಾಗಿರಿಸಿ, ಕಂಚಿನ ಗುಂಡು ಉರುಳಿಸಿದ. ಸಣ್ಣ ಕೊಳವೆಯಿಂದ ಹರಿದ ನೀರನ್ನು ತೂಗಿ ಕಾಲ ಲೆಕ್ಕ ಹಾಕಿದ. ಸಮಕಾಲಗಳಲ್ಲಿ ಗುಂಡು ಕ್ರಮಿಸುವ ದೂರಗಳು 1, 3, 5, 7ರ ಅನುಪಾತದಲ್ಲಿದ್ದವು. ಅಂದರೆ ವೇಗ ಕಾಲದೊಂದಿಗೆ ಒಂದೇ ಸಮನೆ ಏರುತ್ತಿತ್ತು. 1638ರ ಪುಸ್ತಕದಲ್ಲಿ ಆತ ‘ಏಕೆ’ ಎಂಬುದನ್ನು ಬೇಕೆಂದೇ ಬದಿಗಿಟ್ಟು ‘ಹೇಗೆ’ ಎಂಬುದಕ್ಕಷ್ಟೇ ಅಂಟಿಕೊಂಡ. ‘ಏಕೆ’ಗೆ ಉತ್ತರ ಬಂದದ್ದು 1687ರಲ್ಲಿ, ನ್ಯೂಟನ್‌ನಿಂದ.

ಪಠ್ಯಪುಸ್ತಕಗಳೂ ಇದೇ ಕ್ರಮದಲ್ಲಿವೆ: ಮೊದಲು ಚಲನೆ, ಆಮೇಲೆ ಬಲ. ಆದರೆ ಮಕ್ಕಳು ಎರಡನೆಯ ಅಧ್ಯಾಯಕ್ಕೆ ಕಾಯುವುದಿಲ್ಲವಲ್ಲ! ಬಲದ ಬಗ್ಗೆ ತಮ್ಮದೇ ಸಿದ್ಧಾಂತವನ್ನು ಹೊತ್ತೇ ತರಗತಿಗೆ ಬಂದಿರುತ್ತಾರೆ. ಸೂತ್ರಗಳು ಬಾಯಿಪಾಠವಾದರೂ ಅದು ಅಲುಗುವುದಿಲ್ಲ. ಇದನ್ನು ಹೊರಗೆಳೆಯಲೆಂದೇ ಭೌತವಿಜ್ಞಾನಿ ಡೇವಿಡ್ ಹೆಸ್ಟೆನೆಸ್ ಮತ್ತು ಸಂಗಡಿಗರು 1992ರಲ್ಲಿ ಲೆಕ್ಕವೇ ಇಲ್ಲದ ಪ್ರಶ್ನೆಪತ್ರಿಕೆಯೊಂದನ್ನು ಪ್ರಕಟಿಸಿದರು. ಹಾರ್ವರ್ಡ್‌ನ ಎರಿಕ್ ಮಜೂರ್ ಇಂಥ ಪರೀಕ್ಷೆ ಕೊಟ್ಟಾಗ ವಿದ್ಯಾರ್ಥಿನಿಯೊಬ್ಬಳು, ನೀವು ಕಲಿಸಿದಂತೆ ಉತ್ತರಿಸಲೋ, ನಾನು ಯೋಚಿಸುವಂತೆ ಉತ್ತರಿಸಲೋ ಎಂದು ಕೇಳಿಯೇಬಿಟ್ಟಳಂತೆ. ಮಜೂರ್ ಉಪನ್ಯಾಸ ಕಡಿಮೆ ಮಾಡಿ, ಪ್ರಶ್ನೆ ಕೊಟ್ಟು ಅಕ್ಕಪಕ್ಕದವರು ವಾದಿಸಲು ಬಿಟ್ಟರು.

ಇದರಿಂದ ಫಲವಿದೆಯೇ? ಭೌತವಿಜ್ಞಾನಿ ರಿಚರ್ಡ್ ಹೇಕ್ 1998ರಲ್ಲಿ, ಇಂಥ ಪರೀಕ್ಷೆಗಳಲ್ಲಿ 6,000ಕ್ಕೂ ಹೆಚ್ಚು ವಿದ್ಯಾರ್ಥಿಗಳು ಪಡೆದ ಅಂಕಗಳನ್ನು ಹೋಲಿಸಿದರು. ಬರೀ ಉಪನ್ಯಾಸದ ತರಗತಿಗಳಲ್ಲಿ, ಸುಧಾರಿಸಲು ಇದ್ದ ಅವಕಾಶದ ಶೇ 23ರಷ್ಟು ಮಾತ್ರ ಸುಧಾರಣೆಯಾಗಿತ್ತು. ವಿದ್ಯಾರ್ಥಿಗಳೇ ಮಾಡಿ, ಚರ್ಚಿಸಿ ಕಲಿತ ತರಗತಿಗಳಲ್ಲಿ ಅದು ಶೇ 48. ಅಲ್ಲೂ ಅರ್ಧಕ್ಕಿಂತ ಹೆಚ್ಚು ಬಾಕಿ ಉಳಿದಿತ್ತು.