ಹಳೆ ಟೇಪಿಗೆ ಹೊಸ ಹಾಡು: ಗಂಟೆಗೆ ಎಷ್ಟು ಪೈಸೆ?

ಬಾದಾಮಿ ತಾಲ್ಲೂಕಿನ ಕೆರೂರಿನಿಂದ ಹುಬ್ಬಳ್ಳಿಗೆ ಸುಮಾರು 100 ಕಿ.ಮೀ.; ವಿಜಯಪುರಕ್ಕೂ ಹೆಚ್ಚುಕಡಿಮೆ ಅಷ್ಟೇ. ರಾಷ್ಟ್ರೀಯ ಹೆದ್ದಾರಿ 52ರಲ್ಲಿ ಯಾವ ದಿಕ್ಕಿಗೆ ಹೊರಟರೂ ಹೋಗಿ ಬರಲು ನಾಲ್ಕು ಗಂಟೆ ಬೇಕು. 2000ದಿಂದ 2010ರ ನಡುವೆ ಬಂದ ಆಲ್ಟೊ, ಇಂಡಿಕಾ, ಸ್ಯಾಂಟ್ರೊ, ಕ್ವಾಲಿಸ್‌ಗಳು ಈ ರಸ್ತೆಯಲ್ಲಿ ಇನ್ನೂ ಓಡುತ್ತಿವೆ. ಅಂಥ ಹಲವು ಗಾಡಿಗಳ ‘ಕಂಪನಿ ಫಿಟ್ಟಿಂಗ್’ ಟೇಪು ಕೇಳುವುದು ಕ್ಯಾಸೆಟ್ ಇಲ್ಲವೇ ಸಿ.ಡಿ.; ಹಾಡು ಇರುವುದು ಮೊಬೈಲಿನಲ್ಲಿ. ಎರಡನ್ನೂ ಜೋಡಿಸುವ ಖರ್ಚನ್ನು ಮೂರು ವರ್ಷಕ್ಕೆ ಹಂಚಿದರೆ, ಆರಿಸಿಕೊಂಡ ದಾರಿಗೆ ತಕ್ಕಂತೆ ಗಂಟೆಗೆ 50 ಪೈಸೆಯಿಂದ 9 ರೂ. 67 ಪೈಸೆವರೆಗೆ ಬರುತ್ತದೆ. ಅಂತರ 19 ಪಟ್ಟು. ಸದ್ದಿನ ಅಂತರ ಅಷ್ಟಿಲ್ಲ.

ಲೆಕ್ಕದ ಆಧಾರ ಹೀಗಿದೆ. ದಿನಕ್ಕೆ ಒಂದು ಗಂಟೆ, ವರ್ಷಕ್ಕೆ 300 ದಿನ, ಮೂರು ವರ್ಷಕ್ಕೆ 900 ಗಂಟೆ. ಸಾಮಾನುಗಳ ಬೆಲೆ ಪೇಟೆಯಲ್ಲೂ ಆನ್‌ಲೈನ್‌ನಲ್ಲೂ ಸಾಮಾನ್ಯವಾಗಿ ಕಾಣುವ ದರದ ಸುತ್ತಿನ ಅಂಕಿ. ಕೂಲಿ ಅಂಗಡಿಯಿಂದ ಅಂಗಡಿಗೆ ಬದಲಾಗುತ್ತದೆ. ಓದುಗರು ತಮ್ಮೂರಿನ ದರ ಹಾಕಿಕೊಂಡು 900ರಿಂದ ಭಾಗಿಸಿದರೆ ತಮ್ಮ ಉತ್ತರ ಸಿಗುತ್ತದೆ.

ಮೊದಲು 150 ರೂ.ಯ ಮಾತು. ಟೇಪಿನ ಮುಖದ ಮೇಲೆ 3.5 ಮಿ.ಮೀ. ತೂತು ಇದ್ದರೆ ಅದು ಆಕ್ಸ್, ಅಂದರೆ ಹೊರಗಿನ ಉಪಕರಣದ ಧ್ವನಿ ಸಂಕೇತವನ್ನು ನೇರವಾಗಿ ಒಳಗೆ ಬಿಡುವ ಬಾಗಿಲು. ಮೊಬೈಲಿನ ಇಯರ್‌ಫೋನ್ ತೂತಿನಿಂದ ಅರ್ಧ ವೋಲ್ಟಿನಿಂದ ಒಂದು ವೋಲ್ಟಿನವರೆಗೆ ಸಂಕೇತ ಹೊರಡುತ್ತದೆ. ಟೇಪಿಗೆ ಬೇಕಾದದ್ದು ಅದಕ್ಕಿಂತ ಕಡಿಮೆ, 0.3 ವೋಲ್ಟಿನ ಆಸುಪಾಸು. ನಡುವೆ ಬೇಕಿರುವುದು ಕೇಬಲ್ ಮಾತ್ರ. ಕೇಬಲ್ ವರ್ಷಕ್ಕೊಮ್ಮೆ ಬುಡದಲ್ಲಿ ಮುರಿಯುತ್ತದೆ ಎಂದು ಹಿಡಿದರೂ ಮೂರಕ್ಕೆ 450 ರೂ., ಗಂಟೆಗೆ 50 ಪೈಸೆ. 2016ರಲ್ಲಿ ಐಫೋನ್ 7 ಈ ತೂತನ್ನು ಕೈಬಿಟ್ಟಿತು, ಬಳಿಕ ಬೇರೆ ಕಂಪನಿಗಳೂ ಅದೇ ಹಾದಿ ಹಿಡಿದವು. ಅಂಥ ಮೊಬೈಲ್ ಇದ್ದವರು 300 ರೂ.ಯ ಬ್ಲೂಟೂತ್ ರಿಸೀವರ್ ಒಂದನ್ನು ಆಕ್ಸ್‌ಗೆ ಸಿಕ್ಕಿಸಬಹುದು. ಮೂರು ವರ್ಷಕ್ಕೆ ಎರಡು ಬೇಕಾದರೆ ಗಂಟೆಗೆ 67 ಪೈಸೆ. ಹೆಚ್ಚಿದ್ದು 17 ಪೈಸೆ. ತಂತಿಯ ಕಿರಿಕಿರಿ ತಪ್ಪಿತು.

ಆಕ್ಸ್ ಇಲ್ಲದ, ಕ್ಯಾಸೆಟ್ ನುಂಗುವ ಟೇಪಿಗೆ ಎರಡು ಉಪಾಯಗಳಿವೆ. ಒಂದು, 400 ರೂ.ಯ ಕ್ಯಾಸೆಟ್ ಅಡಾಪ್ಟರ್. ಕ್ಯಾಸೆಟ್ಟಿನ ಆಕಾರದ ಡಬ್ಬಿಯೊಳಗೆ ಟೇಪಿನ ಸುರುಳಿಯ ಬದಲು ಒಂದು ಪುಟ್ಟ ಹೆಡ್ ಇರುತ್ತದೆ. ಅದು ಹೊಮ್ಮಿಸುವ ಕಾಂತ ಸಂಕೇತವನ್ನು ಟೇಪಿನ ಹೆಡ್ ಓದುತ್ತದೆ. 1963ರಲ್ಲಿ ಫಿಲಿಪ್ಸ್ ಹೊರತಂದ ಕ್ಯಾಸೆಟ್ಟಿನ ಅಳತೆ, ಅಂದರೆ 3.81 ಮಿ.ಮೀ. ಅಗಲದ ಟೇಪು ಮತ್ತು ಸೆಕೆಂಡಿಗೆ 4.76 ಸೆಂ.ಮೀ. ವೇಗ, ಜಗತ್ತಿಗೆಲ್ಲ ಒಂದೇ ಆದದ್ದರಿಂದ ಈ ಡಬ್ಬಿ ಎಲ್ಲ ಟೇಪಿಗೂ ಹೊಂದುತ್ತದೆ. ಮೂರು ವರ್ಷಕ್ಕೆ ಎರಡು ಎಂದರೆ 800 ರೂ., ಗಂಟೆಗೆ 89 ಪೈಸೆ. ತೊಂದರೆ ಎಂದರೆ ಆಟೊ ರಿವರ್ಸ್ ಇರುವ ಟೇಪುಗಳಲ್ಲಿ ಕೆಲವು ಇದನ್ನು ‘ಕ್ಯಾಸೆಟ್ ಮುಗಿಯಿತು’ ಎಂದು ತಿಳಿದು ಪದೇಪದೇ ಬದಿ ಬದಲಿಸುತ್ತವೆ.

ಇನ್ನೊಂದು, ರೇಡಿಯೊ ರಿಪೇರಿ ಅಂಗಡಿಯ ಕೆಲಸ. ಟೇಪನ್ನು ಬಿಚ್ಚಿ, ವಾಲ್ಯೂಮ್ ಕಂಟ್ರೋಲಿನ ಒಳಬದಿಯ ಕಾಲುಗಳಿಗೆ ಎಡ, ಬಲ ಮತ್ತು ಅರ್ಥಿಂಗ್ ಎಂಬ ಮೂರು ತಂತಿಗಳನ್ನು ಬೆಸೆದು ಹೊರಕ್ಕೆ ಒಂದು ಆಕ್ಸ್ ತೂತು ಕೊಡುತ್ತಾರೆ. ಕೂಲಿ 300 ರೂ. ಎಂದರೆ ಮೂರು ಕೇಬಲ್ ಸೇರಿ 750 ರೂ., ಗಂಟೆಗೆ 83 ಪೈಸೆ. ಅಡಾಪ್ಟರಿಗಿಂತ 6 ಪೈಸೆ ಅಗ್ಗ, ಹೆಡ್ಡಿನ ಸವೆತವೂ ಮೋಟಾರಿನ ಗರಗರವೂ ಹಾದಿಯಲ್ಲಿಲ್ಲ. ನನ್ನ ಲೆಕ್ಕದಲ್ಲಿ ಈ ಪಟ್ಟಿಯಲ್ಲಿ ದುಡ್ಡಿಗೆ ಹೆಚ್ಚು ಸದ್ದು ಕೊಡುವುದು ಇದೇ. ಆದರೆ ಬೆಸುಗೆ ಹಿಡಿಯಬಲ್ಲ ಕೈಗಳು ಪ್ರತಿ ವರ್ಷ ಕಡಿಮೆಯಾಗುತ್ತಿವೆ. ‘ತೆಗ್ದ ಹೊಸಾದ ಹಾಕ್ಸಿಬಿಡ್ರಿ’ ಎನ್ನುವ ಅಂಗಡಿಗಳೇ ಹೆಚ್ಚು.

ಸಿ.ಡಿ. ಮಾತ್ರ ನುಡಿಸುವ, ಆಕ್ಸ್ ಇಲ್ಲದ ಟೇಪಿನವರು ಸಾಮಾನ್ಯವಾಗಿ ಹಿಡಿಯುವುದು ಎಫ್.ಎಂ. ಮಾಡ್ಯುಲೇಟರ್. ಲೈಟರ್ ಸಾಕೆಟ್ಟಿಗೆ ಸಿಕ್ಕಿಸುವ, ಹಾಡನ್ನು ರೇಡಿಯೊ ಅಲೆಯಾಗಿ ಬಿಡುವ ಸಾಧನ ಇದು. ಟೇಪು ಅದನ್ನು ಇನ್ನೊಂದು ಎಫ್.ಎಂ. ಕೇಂದ್ರವೆಂದು ತಿಳಿದು ಹಿಡಿಯುತ್ತದೆ. ಬೆಲೆ 500 ರೂ., ಆಯಸ್ಸು ಒಂದೂವರೆ ವರ್ಷ ಎಂದರೆ ಗಂಟೆಗೆ 1 ರೂ. 11 ಪೈಸೆ. ಯುರೋಪಿನಲ್ಲಿ ಇಂಥ ಸಾಧನಕ್ಕೆ ವಿಧಿಸಿರುವ ಮಿತಿ 50 ನ್ಯಾನೊವಾಟ್. ಒಂದು ಕಿಲೋವಾಟಿನ ಸಣ್ಣ ರೇಡಿಯೊ ಕೇಂದ್ರದ ಶಕ್ತಿ ಇದರ 2,000 ಕೋಟಿ ಪಟ್ಟು. ಆದ್ದರಿಂದ ಅದೇ ಅಲೆಯಲ್ಲಿ ನಿಜವಾದ ಕೇಂದ್ರ ಸಿಕ್ಕ ಕೂಡಲೆ ಮಾಡ್ಯುಲೇಟರ್ ಸೋಲುತ್ತದೆ.

ಇಲ್ಲಿ ಕೆರೂರಿಗೆ ಒಂದು ಅನುಕೂಲವಿದೆ. ಎಫ್.ಎಂ. ಪಟ್ಟಿ 88ರಿಂದ 108 ಮೆಗಾಹರ್ಟ್ಸ್‌ವರೆಗೆ, ಒಟ್ಟು 20. ಬೆಂಗಳೂರಿನಲ್ಲಿ 91.1ರಿಂದ 104ರ ನಡುವೆ ಎಂಟು ಖಾಸಗಿ ಕೇಂದ್ರಗಳು ಮತ್ತು ಆಕಾಶವಾಣಿಯ ಮೂರು, ಒಟ್ಟು 11. ನಮ್ಮಲ್ಲಿ ಒಂದೇ ಊರಿನ ಖಾಸಗಿ ಕೇಂದ್ರಗಳ ನಡುವೆ 0.8 ಮೆಗಾಹರ್ಟ್ಸ್ ಅಂತರ ಬಿಡುವ ಪದ್ಧತಿ. ಆ ಅಳತೆಯಲ್ಲಿ 11 ಕೇಂದ್ರಗಳಿಗೆ 8.8 ಮೆಗಾಹರ್ಟ್ಸ್, ಪಟ್ಟಿಯ ಶೇ 44 ಭಾಗ ಹೋಯಿತು. ಕೆರೂರಿನಿಂದ ಹೊರಟವರು ಮುಖ್ಯವಾಗಿ ತಪ್ಪಿಸಬೇಕಾದದ್ದು ಎರಡು: ವಿಜಯಪುರ ಆಕಾಶವಾಣಿಯ 101.8 ಮತ್ತು ಧಾರವಾಡದ 103. ಇವೆರಡಕ್ಕೆ ಬೇಕಾದದ್ದು 1.6 ಮೆಗಾಹರ್ಟ್ಸ್, ಶೇ 8. ಮಾಡ್ಯುಲೇಟರನ್ನು 90ರ ಕೆಳಗೆ ಇಟ್ಟರೆ ಹೆದ್ದಾರಿಯ ಬಹುಭಾಗ ತಕರಾರಿಲ್ಲದೆ ಸಾಗುತ್ತದೆ. ಹುಬ್ಬಳ್ಳಿ ಸಮೀಪಿಸಿದಾಗ ಬೇರೆ ಕೇಂದ್ರ ಅಡ್ಡ ಬಂದರೆ ಮಾತ್ರ ಬದಲಿಸಬೇಕು. ಬೆಂಗಳೂರಿಗರು ಬೈಯುವ ಸಾಧನ ಬಾದಾಮಿ ತಾಲ್ಲೂಕಿನಲ್ಲಿ ಕೆಲಸಕ್ಕೆ ಬರುತ್ತದೆ.

ಗುಣಮಟ್ಟದ ನಷ್ಟ ಎಷ್ಟು? ಸಿ.ಡಿ. 20,000 ಹರ್ಟ್ಸ್‌ವರೆಗಿನ ಧ್ವನಿ ಕೊಡುತ್ತದೆ, ಎಫ್.ಎಂ. 15,000 ಹರ್ಟ್ಸ್‌ಗೆ ನಿಲ್ಲುತ್ತದೆ. ಕಾಗದದ ಮೇಲೆ ಶೇ 25 ಕಡಿತ. ನಡುವಯಸ್ಸು ದಾಟಿದ ಬಹುತೇಕರ ಕಿವಿ 15,000ದ ಮೇಲಿನದನ್ನು ಹೇಗೂ ಕೇಳುವುದಿಲ್ಲ. ಗಂಟೆಗೆ 80 ಕಿ.ಮೀ. ವೇಗದಲ್ಲಿ ಹಳೆಯ ಸಣ್ಣ ಕಾರಿನೊಳಗೆ ಟೈರು, ಗಾಳಿ, ಎಂಜಿನ್ ಸೇರಿ 70 ಡೆಸಿಬೆಲ್ ಆಸುಪಾಸಿನ ಸದ್ದು ಇರುತ್ತದೆ. ಕಳೆದುಹೋದ ಸೂಕ್ಷ್ಮಗಳಲ್ಲಿ ಹೆಚ್ಚಿನವು ಅದರಡಿ ಮುಳುಗುವಂಥವೇ.

ಈಗ ಟೇಪನ್ನೇ ಬದಲಿಸುವ ಲೆಕ್ಕ. ಯು.ಎಸ್.ಬಿ., ಬ್ಲೂಟೂತ್ ಇರುವ ಲೋಕಲ್ ಡೆಕ್ 1,500 ರೂ., ತಂತಿಗಳನ್ನು ಜೋಡಿಸುವ ಕಪ್ಲರ್ 200, ಕೂಲಿ 300: ಒಟ್ಟು 2,000 ರೂ., ಗಂಟೆಗೆ 2 ರೂ. 22 ಪೈಸೆ. ಬ್ರ್ಯಾಂಡೆಡ್ ಡೆಕ್ 5,000ದ್ದಾದರೆ ಎಲ್ಲ ಸೇರಿ 5,500. ಗಂಟೆಗೆ 6 ರೂ. 11 ಪೈಸೆ. ಒಂಬತ್ತು ಇಂಚಿನ ಆಂಡ್ರಾಯ್ಡ್ ಪರದೆ 7,000, ಅದರ ಫ್ರೇಮ್ 1,000, ಕೂಲಿ 700: 8,700 ರೂ., ಗಂಟೆಗೆ 9 ರೂ. 67 ಪೈಸೆ. ಫ್ರೇಮ್ ಏಕೆಂದರೆ ಹಳೆ ಡ್ಯಾಶ್‌ಬೋರ್ಡಿನ ಸಿಂಗಲ್ ಡಿನ್ ಕಿಂಡಿ 180 ಮಿ.ಮೀ. ಅಗಲ, 50 ಮಿ.ಮೀ. ಎತ್ತರ, ಪರದೆಗೆ ಅದರ ದುಪ್ಪಟ್ಟಿಗಿಂತ ಹೆಚ್ಚು ಎತ್ತರ ಬೇಕು. ಮಾರಿದರೆ ಒಂದು ಲಕ್ಷ ಬರುವ ಗಾಡಿಗೆ ಈ ಖರ್ಚು ಬೆಲೆಯ ಶೇ 8.7.

ಹೊಸ ಡೆಕ್ಕಿನ ಡಬ್ಬಿಯ ಮೇಲೆ ‘50 ವಾಟ್ × 4’ ಎಂದು ಮುದ್ರಿಸಿರುತ್ತಾರೆ. ಈ ಅಂಕಿಯನ್ನು ಸ್ವಲ್ಪ ಬಿಚ್ಚಿ ನೋಡಬೇಕು. ಎಂಜಿನ್ ಓಡುವಾಗ ಗಾಡಿಯ ವಿದ್ಯುತ್ 14.4 ವೋಲ್ಟ್, ಸ್ಪೀಕರಿನ ತಡೆ 4 ಓಮ್. 14.4ರ ವರ್ಗವನ್ನು 4ರಿಂದ ಭಾಗಿಸಿದರೆ 51.8 ವಾಟ್. ಡಬ್ಬಿಯ ಮೇಲಿನ 50 ಇದೇ. ಆದರೆ ಇದು ವೋಲ್ಟೇಜ್ ಸದಾ ತುತ್ತತುದಿಯಲ್ಲೇ ನಿಂತಿದೆ ಎಂದು ಹಿಡಿದ ಲೆಕ್ಕ. ಒಡೆಯದ, ಸಹಜ ಅಲೆಗೆ ಸಿಗುವುದು ಅದರ ಅರ್ಧ, 25.9 ವಾಟ್, ಅದೂ ಸೈದ್ಧಾಂತಿಕ ಗರಿಷ್ಠ. ನಾಲ್ಕು ಸ್ಪೀಕರಿನ ಕಂಪನಿ ಟೇಪಿನೊಳಗೂ ಇದೇ ವಿನ್ಯಾಸದ ಆಂಪ್ಲಿಫೈಯರ್ ಇದ್ದರೆ ಹೊಸ ಡೆಕ್ಕಿನಿಂದ ವಾಟಿನ ಲಾಭ ಸೊನ್ನೆ. ತೀರ ಹಳೆಯ ಎರಡು ಸ್ಪೀಕರಿನ ಟೇಪುಗಳ ಗರಿಷ್ಠ 6.5 ವಾಟ್. ಅವುಗಳಿಂದ 25.9ಕ್ಕೆ ಏರಿದರೆ ನಾಲ್ಕು ಪಟ್ಟು, ಅಂದರೆ 6 ಡೆಸಿಬೆಲ್. ಕಿವಿಗೆ ಸದ್ದು ‘ಎರಡರಷ್ಟು’ ಎನಿಸಲು ಬೇಕಾದದ್ದು ಸುಮಾರು 10.

ಡೆಕ್ ಬದಲಿಸುವ ಖರ್ಚಿಗೆ ಇನ್ನೊಂದು ಸಾಲು ಸೇರಿಸಬೇಕು. ಹಲವರು ಅದನ್ನು ಬರೆಯುವುದೇ ಇಲ್ಲ. ಹುಬ್ಬಳ್ಳಿಯಲ್ಲಿ 300 ರೂ. ಅಗ್ಗ ಸಿಗುತ್ತದೆಂದು ಅದಕ್ಕಾಗಿಯೇ ಗಾಡಿ ತೆಗೆದರೆ ಹೋಗಿ ಬರಲು 200 ಕಿ.ಮೀ. ಲೀಟರಿಗೆ 15 ಕಿ.ಮೀ. ಮೈಲೇಜ್, ಪೆಟ್ರೋಲಿಗೆ 103 ರೂ. ಹಿಡಿದರೆ 1,373 ರೂ. ಬಾಗಲಕೋಟೆಗೆ ಹೋಗಿ ಬರಲು 60 ಕಿ.ಮೀ., 412 ರೂ. ಹುಬ್ಬಳ್ಳಿಯ ಪೆಟ್ರೋಲ್ ಖರ್ಚಿನಲ್ಲಿ ಎರಡು ಮಾಡ್ಯುಲೇಟರ್, ಎರಡು ಆಕ್ಸ್ ಕೇಬಲ್ ಬರುತ್ತವೆ. ಹೇಗೂ ಬೇರೆ ಕೆಲಸಕ್ಕೆ ಹೋದಾಗ ಮಾಡಿಸಿಕೊಂಡು ಬರುವುದು ಬೇರೆ ಮಾತು.

ಹಾಡಿನ ಬೆಲೆಗೆ ಬರೋಣ. 2001ರ ಅಕ್ಟೋಬರ್‌ನಲ್ಲಿ ಅನಾವರಣಗೊಂಡ ಮೊದಲ ಐಪಾಡ್ 5 ಜಿ.ಬಿ.; ಬೆಲೆ 399 ಡಾಲರ್. ಅಂದಿನ ಸುಮಾರು 48 ರೂ. ವಿನಿಮಯ ದರದಲ್ಲಿ 19,152 ರೂ., ಜಿ.ಬಿ.ಗೆ 3,830. ಇಂದು 400 ರೂ.ಯ 32 ಜಿ.ಬಿ. ಪೆನ್‌ಡ್ರೈವಿನಲ್ಲಿ ಜಿ.ಬಿ.ಗೆ 12 ರೂ. 50 ಪೈಸೆ, ಮುನ್ನೂರರಲ್ಲಿ ಒಂದು ಪಾಲು. ಐಪಾಡ್ ತಯಾರಿಕೆ 2022ರ ಮೇ ತಿಂಗಳಲ್ಲಿ ನಿಂತಿತು. ಸರ್ಕಾರದ ಅಂಕಿಗಳಂತೆ ಮೊಬೈಲ್ ಡೇಟಾ 2014ರಲ್ಲಿ ಜಿ.ಬಿ.ಗೆ ಸರಾಸರಿ 269 ರೂ. ಇದ್ದದ್ದು ಹತ್ತು ವರ್ಷದಲ್ಲಿ 10 ರೂ.ಗಿಂತ ಕೆಳಗಿಳಿಯಿತು. ಸೆಕೆಂಡಿಗೆ 128 ಕಿಲೋಬಿಟ್ ದರದ ಹಾಡಿಗೆ ಗಂಟೆಗೆ 57.6 ಎಂ.ಬಿ. ಬೇಕು: ಆಗ 15 ರೂ. 50 ಪೈಸೆ, ಈಗ 58 ಪೈಸೆಯೊಳಗೆ. ಇಳಿಕೆ ಶೇ 96.

ಈ ಭಾಗದವರು ಕೇಳುವುದು ಐದು ನಿಮಿಷದ ಸಿನಿಮಾ ಹಾಡುಗಳನ್ನಷ್ಟೇ ಅಲ್ಲ. ಭಜನಾ ಪದ, ಡೊಳ್ಳಿನ ಪದ, ರಾತ್ರಿಯಿಡೀ ನಡೆಯುವ ಶ್ರೀಕೃಷ್ಣ ಪಾರಿಜಾತದ ಧ್ವನಿಮುದ್ರಣಗಳೂ ಗಾಡಿಯಲ್ಲಿ ಓಡುತ್ತವೆ. ಆರು ಗಂಟೆಯ ಒಂದು ಪಾರಿಜಾತಕ್ಕೆ 60 ನಿಮಿಷದ ಆರು ಕ್ಯಾಸೆಟ್ ಬೇಕಿತ್ತು; ಟೇಪಿನ ಉದ್ದ 514 ಮೀಟರ್, ಬದಿ ಮಗುಚುವುದು ಇಲ್ಲವೇ ಕ್ಯಾಸೆಟ್ ಬದಲಿಸುವುದು ಹನ್ನೊಂದು ಸಲ. ಎಂಪಿ3 ರೂಪದಲ್ಲಿ ಅದೇ 346 ಎಂ.ಬಿ. 700 ಎಂ.ಬಿ.ಯ ಒಂದು ಸಿ.ಡಿ.ಯಲ್ಲಿ ಎರಡು, 32 ಜಿ.ಬಿ. ಪೆನ್‌ಡ್ರೈವಿನಲ್ಲಿ 92 ಹಿಡಿಸುತ್ತವೆ. ಟೇಪು ಎಂಪಿ3 ಸಿ.ಡಿ. ಓದುವಂಥದ್ದಾದರೆ 12 ಗಂಟೆಯ ಹಾಡಿಗೆ ಬೇರೆ ಯಾವ ಸಾಮಾನೂ ಬೇಕಿಲ್ಲ, ಸಿ.ಡಿ. ಬರೆದುಕೊಡುವವರು ಸಿಕ್ಕರೆ ಸಾಕು. ಪೆನ್‌ಡ್ರೈವ್ ಕೊಳ್ಳುವವರಿಗೆ ಒಂದು ಎಚ್ಚರ: 64 ಜಿ.ಬಿ.ಯವು ಸಾಮಾನ್ಯವಾಗಿ ಎಕ್ಸ್‌ಫ್ಯಾಟ್ ಎಂಬ ಕಡತ ವಿನ್ಯಾಸದಲ್ಲಿ ಬರುತ್ತವೆ. ಅಗ್ಗದ ಡೆಕ್ಕುಗಳು ಓದುವುದು ಫ್ಯಾಟ್32 ಮಾತ್ರ. 32 ಜಿ.ಬಿ.ಗೆ ನಿಲ್ಲಿಸುವುದು ಲೇಸು.

ಮೊಬೈಲನ್ನೋ ಹಳೆ ಐಪಾಡನ್ನೋ ಗಾಡಿಯಲ್ಲೇ ಬಿಟ್ಟು ಹೋಗುವ ಲೆಕ್ಕ ಏಪ್ರಿಲ್‌ನಲ್ಲಿ ಕೆಡುತ್ತದೆ. ಹೊರಗೆ 40 ಡಿಗ್ರಿ ಸೆಲ್ಸಿಯಸ್ ಇದ್ದಾಗ ಬಿಸಿಲಲ್ಲಿ ಮುಚ್ಚಿ ನಿಂತ ಕಾರಿನೊಳಗೆ ಒಂದು ಗಂಟೆಯಲ್ಲಿ 60 ತಲುಪುತ್ತದೆ. ಆ್ಯಪಲ್ ತನ್ನ ಸಾಧನಗಳನ್ನು ಇಡಲು ಹೇಳುವ ಗರಿಷ್ಠ 45.

ಕೊನೆಯ ಅಂಕಿ ವೈರಿಂಗಿನದು. ಡೆಕ್ಕಿನ ಹಳದಿ ತಂತಿ ಬ್ಯಾಟರಿಯಿಂದ ಸದಾ ಬರುವ ಕರೆಂಟಿಗೆ, ನೆನಪು ಉಳಿಯಲು. ಕೆಂಪು ತಂತಿ ಕೀಲಿ ತಿರುಗಿಸಿದಾಗ ಮಾತ್ರ ಬರುವ ಕರೆಂಟಿಗೆ. 200 ರೂ.ಯ ಕಪ್ಲರ್ ಉಳಿಸಲು ತಂತಿ ಕತ್ತರಿಸಿ, ಎರಡನ್ನೂ ಒಟ್ಟಿಗೆ ಹೊಸೆದು ಇನ್ಸುಲೇಷನ್ ಟೇಪ್ ಸುತ್ತುವವರಿದ್ದಾರೆ. ಆಗ ಕೀಲಿ ತೆಗೆದರೂ ಡೆಕ್ ಪೂರ್ತಿ ಮಲಗುವುದಿಲ್ಲ. 300 ಮಿಲಿಆಂಪಿಯರ್ ಸೋರಿದರೆ ದಿನಕ್ಕೆ 7.2 ಆಂಪಿಯರ್-ಅವರ್, ಸಣ್ಣ ಕಾರಿನ 35 ಆಂಪಿಯರ್-ಅವರ್ ಬ್ಯಾಟರಿ 58 ಗಂಟೆಯಲ್ಲಿ ಅರ್ಧಕ್ಕೆ ಇಳಿಯುತ್ತದೆ. ಶುಕ್ರವಾರ ರಾತ್ರಿ ನಿಲ್ಲಿಸಿದ ಗಾಡಿ ಸೋಮವಾರ ಬೆಳಗ್ಗೆ ಚಾಲೂ ಆಗದಿರಬಹುದು, ಪದೇಪದೇ ಹೀಗಾದರೆ ಹೊಸ ಬ್ಯಾಟರಿಗೆ 3,500 ರೂ. ಮೇಲೆ ತೆರಬೇಕು. ಎಲ್ಲ ಬಂದ್ ಮಾಡಿದ ಮೇಲೆ ಗಾಡಿ ಎಳೆಯುವ ಕರೆಂಟ್ 50 ಮಿಲಿಆಂಪಿಯರ್ ಮೀರಬಾರದು. ಅಂಗಡಿಯವರ ಬಳಿ ಮಲ್ಟಿಮೀಟರ್ ಇದ್ದೇ ಇರುತ್ತದೆ. ನಿಮ್ಮೆದುರೇ ಅಳೆಯಿಸಿ, ಅಂಕಿ ಅದರೊಳಗೆ ಬಂದ ಮೇಲೆ ಕೂಲಿ ಕೊಡಿ.