ಆಸ್ಪತ್ರೆಯಿಂದ ಮರಳಿದ ಹಿರಿಯರು: ಮೊದಲ ಮೂವತ್ತು ದಿನಗಳು

ಮನೆಯ ಹಿರಿಯರು ಆಸ್ಪತ್ರೆಯಿಂದ ಮರಳಿದ ದಿನ ಮನೆಯಲ್ಲಿ ಹಬ್ಬದ ಕಳೆ ಇರುತ್ತದೆ. ಹೊಸ್ತಿಲಲ್ಲಿಯೇ ದೃಷ್ಟಿ ತೆಗೆಯುತ್ತಾರೆ. ನೆರೆಹೊರೆಯವರು ಎಳನೀರು, ಮೋಸಂಬಿ, ಬ್ರೆಡ್ಡು ಹಿಡಿದುಕೊಂಡು ಬರುತ್ತಾರೆ. ಆಸ್ಪತ್ರೆಯ ಬಿಲ್ಲು ಕಟ್ಟಿ, ರಾತ್ರಿಯೆಲ್ಲ ಬೆಂಚಿನ ಮೇಲೆ ಕುಳಿತು ದಣಿದ ಮಕ್ಕಳು ನಿಟ್ಟುಸಿರುಬಿಟ್ಟು ತಮ್ಮ ತಮ್ಮ ಕೆಲಸದ ಊರುಗಳಿಗೆ ಹೊರಡುತ್ತಾರೆ. ರೋಗ ಮುಗಿಯಿತೆಂಬ ಸಮಾಧಾನ ಎಲ್ಲರಲ್ಲಿಯೂ ನೆಲೆಸುತ್ತದೆ. ಆದರೆ ನಾವು ನಮ್ಮ ವೃತ್ತಿಜೀವನದಲ್ಲಿ ಕಂಡುಕೊಂಡಂತೆ, ವಯಸ್ಸಾದ ರೋಗಿಯ ಪಾಲಿಗೆ ಇನ್ನೊಂದು ಕಷ್ಟಕಾಲ ಆರಂಭವಾಗುವುದು ಅಂದಿನಿಂದಲೇ.

ಇದನ್ನು ನಾವು ಕಲಿತದ್ದು ನಮ್ಮ ಮನೆತನದಲ್ಲಿಯೇ, ಅದೂ ನಮ್ಮ ತಪ್ಪಿನಿಂದ. ಕೆಲವು ವರ್ಷಗಳ ಹಿಂದೆ ನಮ್ಮ ಕಾಕಾ ಅವರು ನ್ಯುಮೋನಿಯಾದಿಂದ ಒಂಬತ್ತು ದಿನ ನಗರದ ಆಸ್ಪತ್ರೆಯೊಂದರಲ್ಲಿದ್ದು ಊರಿಗೆ ಮರಳಿದರು. ಆಗ ಅವರಿಗೆ ಎಪ್ಪತ್ತೊಂಬತ್ತು ವರ್ಷ. ಮೂರನೆಯ ದಿನ ನಾವು ನೋಡಲು ಹೋದೆವು. "ಕಾಕಾ, ಹೆಂಗದೀರಿ?" ಎಂದೆವು. "ಆರಾಮ ಅದೀನಪಾ, ಕಾಲಾಗ ತ್ರಾಣ ಇಲ್ಲ ನೋಡು" ಎಂದರು. ನಾಡಿ ನೋಡಿದೆವು, ಎದೆ ಪರೀಕ್ಷಿಸಿದೆವು, ಉಸಿರಾಟ ಹಗುರವಾಗಿತ್ತು. ಮಳೆ ಬೆಳೆಯ ಮಾತನಾಡಿ, ಚಹಾ ಕುಡಿದು, ಶಕ್ತಿಗೆಂದು ಒಂದು ಲೇಹ್ಯ ಕೊಟ್ಟು ಬಂದೆವು. ಗುಳಿಗೆಗಳ ಡಬ್ಬಿ ನಾವು ಕುಳಿತ ಮಂಚದ ಮೇಲೆಯೇ, ನಮ್ಮ ಮೊಣಕೈಯ ಪಕ್ಕದಲ್ಲಿಯೇ ಇತ್ತು. ಅದನ್ನು ತೆರೆದು ನೋಡಲಿಲ್ಲ.

ಆರನೆಯ ದಿನ ಬೆಳಗಿನ ಜಾವ ಮೂತ್ರಕ್ಕೆಂದು ಎದ್ದ ಕಾಕಾ ತಲೆ ತಿರುಗಿ ಬಿದ್ದರು. ತೊಡೆಯ ಮೂಳೆಯ ಕತ್ತು ಮುರಿಯಿತು. ಡಬ್ಬಿಯಲ್ಲಿ ರಕ್ತದೊತ್ತಡದ ಒಂದೇ ಔಷಧಿ ಎರಡು ಕಂಪನಿಗಳ ಎರಡು ಹೆಸರುಗಳಲ್ಲಿತ್ತು. ಒಂದು ನಮ್ಮೂರಿನ ವೈದ್ಯರು ಮೊದಲಿನಿಂದ ಕೊಡುತ್ತಿದ್ದುದು, ಇನ್ನೊಂದು ಆಸ್ಪತ್ರೆಯವರು ಹೊಸದಾಗಿ ಬರೆದದ್ದು. ಕಾಕಾ ಎರಡನ್ನೂ ತಪ್ಪದೆ ನುಂಗುತ್ತಿದ್ದರು, ಊಟ ನೀರು ಮಾತ್ರ ಅರ್ಧಕ್ಕಿಳಿದಿತ್ತು. ಕಾಕಿಯನ್ನು ಕೇಳಿದಾಗ ಅವರು ಹೇಳಿದ್ದು ಇಷ್ಟೇ: "ಹೊಸಾವು ಕೊಟ್ಟರು. ಹಳೇವು ಬಿಡರೀ ಅಂತ ಯಾರೂ ಹೇಳಲಿಲ್ಲಪಾ." ಅವರ ಮಾತಿಗೆ ನಮ್ಮಲ್ಲಿ ಉತ್ತರವಿರಲಿಲ್ಲ.

ಹಳೆಯದನ್ನು ಬಿಡಿರೆಂದು ಹೇಳುವವರು ಯಾರು? ಈ ಪ್ರಶ್ನೆಯನ್ನು ಜೀವಮಾನದ ಸಂಶೋಧನೆಯನ್ನಾಗಿ ಮಾಡಿಕೊಂಡವರು ವೈದ್ಯರಲ್ಲ, ಶುಶ್ರೂಷಕಿಯರು ಎಂಬುದನ್ನು ಓದುಗ ಬಂಧುಗಳು ಗಮನಿಸಬೇಕು. ಅಮೆರಿಕದಲ್ಲಿ 1983ರಲ್ಲಿ ವೃದ್ಧರ ಸರಕಾರಿ ಆರೋಗ್ಯ ವಿಮೆಯಾದ ಮೆಡಿಕೇರ್ ಆಸ್ಪತ್ರೆಗಳಿಗೆ ಹಣ ಕೊಡುವ ಪದ್ಧತಿಯನ್ನು ಬದಲಿಸಿತು. ರೋಗಿ ಎಷ್ಟು ದಿನ ಇದ್ದರೂ ಆಯಾ ರೋಗಕ್ಕೆ ಇಂತಿಷ್ಟೇ ಮೊತ್ತವೆಂದು ನಿಗದಿಯಾಯಿತು. ಆಸ್ಪತ್ರೆಗಳು ರೋಗಿಗಳನ್ನು ಬೇಗ ಬೇಗ ಮನೆಗೆ ಕಳುಹಿಸತೊಡಗಿದವು. ಇದೇ ಕಾಲದಲ್ಲಿ ಫಿಲಡೆಲ್ಫಿಯಾ ನಗರದ ಪೆನ್ಸಿಲ್ವೇನಿಯಾ ವಿಶ್ವವಿದ್ಯಾಲಯದ ನರ್ಸಿಂಗ್ ಶಾಲೆಯಲ್ಲಿ ಡೊರೋತಿ ಬ್ರೂಟೆನ್ ಮತ್ತು ಸಂಗಡಿಗರು ಕಡಿಮೆ ತೂಕದ ಹಸುಗೂಸುಗಳನ್ನು ಬೇಗನೆ ಮನೆಗೆ ಕಳುಹಿಸಿ, ಪರಿಣತ ನರ್ಸ್ ಒಬ್ಬರು ಮನೆಗೇ ಹೋಗಿ ನೋಡಿಕೊಳ್ಳುವ ಕ್ರಮವನ್ನು ಪರೀಕ್ಷಿಸಿದರು. 1986ರಲ್ಲಿ ಪ್ರಕಟವಾದ ಆ ಅಧ್ಯಯನದಲ್ಲಿ ಕೂಸುಗಳು ಸರಾಸರಿ ಹನ್ನೊಂದು ದಿನ ಮೊದಲೇ ಮನೆ ಸೇರಿದವು, ಸುರಕ್ಷಿತವಾಗಿಯೂ ಇದ್ದವು. ಹಸುಗೂಸಿಗೆ ಒಪ್ಪುವ ಕ್ರಮ ಹಿರಿಯರಿಗೆ ಏಕೆ ಒಪ್ಪಬಾರದು? ಅದೇ ಶಾಲೆಯ ಮೇರಿ ನೇಯ್ಲರ್ ಅವರು ಆ ಕ್ರಮವನ್ನು ವೃದ್ಧರಿಗೆ ಅಳವಡಿಸಿದರು.

ನೇಯ್ಲರ್ ಅವರ ಮುಖ್ಯ ಅಧ್ಯಯನ 1999ರಲ್ಲಿ ಅಮೆರಿಕದ ವೈದ್ಯಕೀಯ ಸಂಘದ ಪತ್ರಿಕೆಯಲ್ಲಿ ಪ್ರಕಟವಾಯಿತು. ಫಿಲಡೆಲ್ಫಿಯಾದ ಎರಡು ಆಸ್ಪತ್ರೆಗಳಲ್ಲಿ ದಾಖಲಾಗಿದ್ದ, 65 ವರ್ಷ ದಾಟಿದ 363 ಮಂದಿ. ಹೃದಯದ ಕಾಯಿಲೆ, ಶ್ವಾಸಕೋಶದ ಸೋಂಕು, ಕರುಳಿನ ಶಸ್ತ್ರಚಿಕಿತ್ಸೆ, ಕಾಲಿನ ಮೂಳೆಯ ಶಸ್ತ್ರಚಿಕಿತ್ಸೆ ಮುಂತಾದ ಕಾರಣಗಳಿಂದ ಬಂದವರು, ಮತ್ತೆ ಹದಗೆಡುವ ಸಂಭವ ಹೆಚ್ಚಿದ್ದವರು. ಚೀಟಿ ಎತ್ತಿದಂತೆ ಅವರನ್ನು ಎರಡು ಗುಂಪು ಮಾಡಿದರು. ಒಂದು ಗುಂಪಿಗೆ ಎಂದಿನಂತೆ ಬಿಡುಗಡೆ. ಇನ್ನೊಂದು ಗುಂಪಿನ ಪ್ರತಿಯೊಬ್ಬರಿಗೂ ವೃದ್ಧರ ಆರೈಕೆಯಲ್ಲಿ ಉನ್ನತ ಶಿಕ್ಷಣ ಪಡೆದ ಒಬ್ಬ ನರ್ಸ್.

ಆ ನರ್ಸ್ ಮಾಡಿದ್ದೇನು ಎಂಬುದನ್ನು ಸ್ವಲ್ಪ ವಿವರವಾಗಿಯೇ ಹೇಳಬೇಕು. ಏಕೆಂದರೆ ಅದರಲ್ಲಿ ಯಾವ ಯಂತ್ರವೂ ಇಲ್ಲ, ಹೊಸ ಔಷಧಿಯೂ ಇಲ್ಲ. ರೋಗಿ ದಾಖಲಾದ ಎರಡು ದಿನಗಳೊಳಗೆ ಆಕೆ ಹಾಸಿಗೆಯ ಬಳಿಗೆ ಬಂದು ಪರಿಚಯ ಮಾಡಿಕೊಳ್ಳುತ್ತಿದ್ದಳು. ಆಸ್ಪತ್ರೆಯಲ್ಲಿರುವಷ್ಟು ಕಾಲ ಎರಡು ದಿನಕ್ಕೊಮ್ಮೆಯಾದರೂ ಬರುತ್ತಿದ್ದಳು. ಮನೆಗೆ ಹೋದ ಎರಡು ದಿನಗಳೊಳಗೆ ಅದೇ ನರ್ಸ್ ಮನೆಯ ಬಾಗಿಲಲ್ಲಿ ನಿಂತಿರುತ್ತಿದ್ದಳು. ಏಳರಿಂದ ಹತ್ತು ದಿನಗಳ ನಡುವೆ ಇನ್ನೊಮ್ಮೆ, ಬೇಕಿದ್ದರೆ ಮತ್ತೂ ಹಲವು ಬಾರಿ. ವಾರಕ್ಕೊಮ್ಮೆ ತಾನೇ ದೂರವಾಣಿ ಮಾಡಿ ವಿಚಾರಿಸುತ್ತಿದ್ದಳು, ವಾರದ ಏಳು ದಿನವೂ ಕರೆಗೆ ಸಿಗುತ್ತಿದ್ದಳು. ಔಷಧಿಗಳನ್ನು ತಾಳೆ ನೋಡುವುದು, ಎಲ್ಲಿ ಮಲಗುತ್ತಾರೆ, ಯಾರು ಅಡುಗೆ ಮಾಡುತ್ತಾರೆ ಎಂದು ಕಣ್ಣಾರೆ ಕಾಣುವುದು, ಸಂಶಯ ಬಂದಲ್ಲಿ ವೈದ್ಯರಿಗೆ ತಿಳಿಸುವುದು ಅವಳ ಕೆಲಸ. ನಾಲ್ಕು ವಾರಗಳಿಗೆ ಈ ಸೇವೆ ಮುಗಿಯುತ್ತಿತ್ತು.

ಫಲಿತಾಂಶವನ್ನು 24 ವಾರಗಳವರೆಗೆ ನೋಡಿದರು. ಎಂದಿನಂತೆ ಬಿಡುಗಡೆಯಾದವರಲ್ಲಿ ಶೇಕಡಾ 37ರಷ್ಟು ಮಂದಿ ಒಮ್ಮೆಯಾದರೂ ಮತ್ತೆ ಆಸ್ಪತ್ರೆ ಸೇರಿದ್ದರು. ನರ್ಸ್ ನೋಡಿಕೊಂಡವರಲ್ಲಿ ಆ ಪ್ರಮಾಣ ಶೇಕಡಾ 20. ಸರಾಸರಿ ಒಬ್ಬೊಬ್ಬರು ಮತ್ತೆ ಆಸ್ಪತ್ರೆಯಲ್ಲಿ ಕಳೆದ ದಿನಗಳು ನಾಲ್ಕರಿಂದ ಒಂದೂವರೆಗೆ ಇಳಿದವು. ಒಟ್ಟು ವೆಚ್ಚ ಹೆಚ್ಚುಕಡಿಮೆ ಅರ್ಧವಾಯಿತು. ಮುಂದೆ 2004ರಲ್ಲಿ, ಹೃದಯದ ಬಲ ಕುಂದಿದ 239 ಹಿರಿಯರಲ್ಲಿ ಮೂರು ತಿಂಗಳ ಸೇವೆಯನ್ನು ಪರೀಕ್ಷಿಸಿದಾಗಲೂ ಮರುದಾಖಲಾತಿ ಮತ್ತು ವೆಚ್ಚ ಎರಡೂ ಕಡಿಮೆಯಾದವು. ಸತ್ಯಕ್ಕಾಗಿ ಇದನ್ನೂ ಹೇಳಬೇಕು: 1999ರ ಅಧ್ಯಯನದಲ್ಲಿ ಎರಡು ಗುಂಪಿನವರ ಓಡಾಟದ ಶಕ್ತಿಯಲ್ಲಾಗಲಿ ಮನಸ್ಸಿನ ಖಿನ್ನತೆಯಲ್ಲಾಗಲಿ ಹೇಳಿಕೊಳ್ಳುವಂಥ ವ್ಯತ್ಯಾಸ ಕಾಣಲಿಲ್ಲ. ನರ್ಸ್ ಮುಪ್ಪನ್ನು ಹಿಂದಕ್ಕೆ ತಳ್ಳಲಿಲ್ಲ. ತಪ್ಪಿಸಬಹುದಾದ ಅನಾಹುತವನ್ನು ತಪ್ಪಿಸಿದಳು.

ಆ ಅನಾಹುತದ ಪ್ರಮಾಣ ಸಣ್ಣದಲ್ಲ. ಮೆಡಿಕೇರ್ ದಾಖಲೆಗಳನ್ನು ಪರಿಶೀಲಿಸಿ 2009ರಲ್ಲಿ ಪ್ರಕಟಿಸಿದ ಅಧ್ಯಯನವೊಂದರಂತೆ, ಬಿಡುಗಡೆಯಾದವರಲ್ಲಿ ಸುಮಾರು ಐವರಿಗೆ ಒಬ್ಬರು 30 ದಿನಗಳೊಳಗೆ ಮರಳಿ ದಾಖಲಾಗಿದ್ದರು. 2013ರಲ್ಲಿ ಯೇಲ್ ವಿಶ್ವವಿದ್ಯಾಲಯದ ಹೃದಯತಜ್ಞ ಹಾರ್ಲನ್ ಕ್ರಂಹೋಲ್ಜ್ ಅವರು ಈ ಅವಧಿಯ ದುರ್ಬಲತೆಗೆ ಪ್ರತ್ಯೇಕ ಹೆಸರನ್ನೇ ಕೊಟ್ಟರು. ನಮ್ಮ ಮಾತಿನಲ್ಲಿ ಅದನ್ನು ಆಸ್ಪತ್ರೆಯ ನಂತರದ ಬಳಲಿಕೆ ಎನ್ನಬಹುದು. ಮರಳಿ ಬರುವವರಲ್ಲಿ ಬಹಳಷ್ಟು ಮಂದಿ ಮೊದಲಿನ ಕಾಯಿಲೆಗಾಗಿ ಬರುವುದಿಲ್ಲ, ಬೇರೆ ಯಾವುದಕ್ಕೋ ಬರುತ್ತಾರೆ ಎಂಬುದು ಅವರು ಎತ್ತಿ ತೋರಿಸಿದ ಅಂಶ. ಆಸ್ಪತ್ರೆಯಲ್ಲಿ ನಿದ್ರೆ ಕೆಟ್ಟಿರುತ್ತದೆ, ಊಟ ತಪ್ಪಿರುತ್ತದೆ, ಹಗಲು ರಾತ್ರಿಗಳ ಲೆಕ್ಕ ಕಳೆದಿರುತ್ತದೆ, ಸ್ನಾಯುಗಳು ಕರಗಿರುತ್ತವೆ. ಆರೋಗ್ಯವಂತರಾದ ಹಿರಿಯರನ್ನೇ ಹತ್ತು ದಿನ ಹಾಸಿಗೆಯಲ್ಲಿ ಮಲಗಿಸಿ ನೋಡಿದ 2007ರ ಪ್ರಯೋಗವೊಂದರಲ್ಲಿ, ಅವರ ಕಾಲುಗಳಿಂದ ಮಾತ್ರವೇ ಸುಮಾರು ಒಂದು ಕಿಲೋದಷ್ಟು ಮಾಂಸಲ ಭಾಗ ಕರಗಿತ್ತು. ಕಾಲಲ್ಲಿ ತ್ರಾಣವಿಲ್ಲವೆಂದು ಕಾಕಾ ಹೇಳಿದ್ದು ವಯಸ್ಸಿನ ಗೊಣಗಾಟವಾಗಿರಲಿಲ್ಲ. ಅದು ರೋಗಲಕ್ಷಣವೇ ಆಗಿತ್ತು. ನಾವು ಅದನ್ನು ಕುಶಲೋಪರಿಯೆಂದು ಕೇಳಿಬಿಟ್ಟೆವು.

ನಮ್ಮ ಶಾಸ್ತ್ರಕ್ಕೆ ಇದು ಅಪರಿಚಿತವಲ್ಲ. ಚರಕ ಸಂಹಿತೆಯು ಚಿಕಿತ್ಸೆಗೆ ನಾಲ್ಕು ಪಾದಗಳನ್ನು ಹೇಳುತ್ತದೆ: ವೈದ್ಯ, ಔಷಧ, ಪರಿಚಾರಕ, ರೋಗಿ. ಪರಿಚಾರಕನಿಗೆ ಉಪಚಾರದ ತಿಳಿವಳಿಕೆ, ದಕ್ಷತೆ, ರೋಗಿಯಲ್ಲಿ ಪ್ರೀತಿ, ಶುಚಿತ್ವ ಎಂಬ ನಾಲ್ಕು ಗುಣಗಳಿರಬೇಕು. ನಮ್ಮ ಮನೆಗಳಲ್ಲಿ ಪ್ರೀತಿಗೆ ಕೊರತೆಯಿಲ್ಲ. ತಿಳಿವಳಿಕೆಯನ್ನು ಮಾತ್ರ ಯಾರೂ ಕೊಟ್ಟಿಲ್ಲ, ಅವಳು ಕೇಳಿಯೂ ಇಲ್ಲ. ಅವಳು ಎಂದೆವು, ಏಕೆಂದರೆ ಆ ಪರಿಚಾರಕ ಹೆಚ್ಚಾಗಿ ಸೊಸೆಯೋ ಮಡದಿಯೋ ಆಗಿರುತ್ತಾಳೆ. ಬಿಡುಗಡೆಯ ವೇಳೆ ವೈದ್ಯರು ಮಾತನಾಡುವುದು ಮಗನೊಂದಿಗೆ, ಗುಳಿಗೆ ಕೊಡುವವಳು ಸೊಸೆ. ಬಿಡುಗಡೆ ಪತ್ರವೋ ಇಂಗ್ಲಿಷಿನಲ್ಲಿ.

ಪಥ್ಯದ ವಿಚಾರದಲ್ಲಿಯೂ ಒಂದು ಮಾತು. ಪಂಚಕರ್ಮದ ಶೋಧನೆಯ ನಂತರ ಅಗ್ನಿ ಮಂದವಾಗಿರುವಾಗ ಪೇಯ, ವಿಲೇಪಿ, ಯೂಷ ಹೀಗೆ ತೆಳು ಗಂಜಿಯಿಂದ ಆರಂಭಿಸಿ ಮೆಟ್ಟಿಲು ಮೆಟ್ಟಿಲಾಗಿ ಸಹಜ ಊಟಕ್ಕೆ ಬರುವ ಸಂಸರ್ಜನ ಕ್ರಮವನ್ನು ಶಾಸ್ತ್ರ ಹೇಳಿದೆ. ಆ ಮೆಟ್ಟಿಲುಗಳು ಮೂರು, ಐದು, ಹೆಚ್ಚೆಂದರೆ ಏಳು ದಿನಗಳವು. ನಮ್ಮ ಜನ ಮೊದಲ ಮೆಟ್ಟಿಲನ್ನು ಮಾತ್ರ ನೆನಪಿಟ್ಟುಕೊಂಡು ಅಜ್ಜನನ್ನು ತಿಂಗಳುಗಟ್ಟಲೆ ಗಂಜಿಯ ಮೇಲೆಯೇ ಇಡುತ್ತಾರೆ. ಇದು ಪಥ್ಯವಲ್ಲ, ಉಪವಾಸ. ಕರಗಿದ ಸ್ನಾಯು ಮರಳಿ ಕಟ್ಟಬೇಕಾದರೆ ಹೆಸರುಬೇಳೆ, ಹಾಲು, ಮೊಸರು, ಮೊಳಕೆಕಾಳಿನ ಕಟ್ಟು ದಿನವೂ ಹೊಟ್ಟೆಗೆ ಹೋಗಬೇಕು. ಮೂತ್ರಪಿಂಡದ ತೊಂದರೆಯಿದ್ದವರು ಮಾತ್ರ ಪ್ರಮಾಣವನ್ನು ತಮ್ಮ ವೈದ್ಯರಿಂದ ಕೇಳಿ ತಿಳಿಯಬೇಕು.

ನಮ್ಮ ಪದ್ಧತಿಯ ಔಷಧಿಗಳ ಬಗೆಗೂ ಮುಚ್ಚುಮರೆಯಿಲ್ಲದೆ ಹೇಳಬೇಕಾಗಿದೆ. ಗಿಡಮೂಲಿಕೆ ತಾನೇ, ಏನಾದೀತು ಎಂಬ ಮಾತು ಈ ಮೂವತ್ತು ದಿನಗಳಲ್ಲಿ ಸಲ್ಲದು. ಬಾಯಿರುಚಿ ಕೆಟ್ಟಿದೆಯೆಂದು ಕೊಡುವ ಲವಣಭಾಸ್ಕರ ಚೂರ್ಣದಲ್ಲಿ, ಹೆಸರೇ ಹೇಳುವಂತೆ, ಉಪ್ಪುಗಳಿವೆ. ಹೃದಯ ದುರ್ಬಲವಾಗಿ ಉಪ್ಪು ಕಡಿಮೆ ಮಾಡಬೇಕಾದವರಿಗೆ ಅದು ಹಾನಿ. ಕೆಮ್ಮಿಗೆಂದು ದಿನಗಟ್ಟಲೆ ಕೊಡುವ ಜ್ಯೇಷ್ಠಮಧು ದೇಹದಲ್ಲಿ ಉಪ್ಪುನೀರನ್ನು ಹಿಡಿದಿಟ್ಟು ಪೊಟ್ಯಾಸಿಯಂ ಅನ್ನು ಕಳೆಯುತ್ತದೆ. ಮೂತ್ರ ಹೆಚ್ಚಿಸುವ ಗುಳಿಗೆ ನುಂಗುತ್ತಿರುವವರಲ್ಲಿ ಇದು ಹೃದಯದ ಬಡಿತವನ್ನೇ ಕೆಡಿಸಬಲ್ಲದು. ನಮ್ಮಂಥ ವೈದ್ಯರು ಬಿಡುಗಡೆ ಪತ್ರ ನೋಡದೆ ಚೂರ್ಣ ಕಟ್ಟಿಕೊಡುವುದನ್ನು ನಿಲ್ಲಿಸಬೇಕು. ಕಾಕಾ ಅವರಿಗೆ ಕೊಟ್ಟ ಲೇಹ್ಯದಿಂದ ಕೇಡಾಗಲಿಲ್ಲ ಎಂಬುದು ನಮ್ಮ ಜಾಣ್ಮೆಯಲ್ಲ.

ಫಿಲಡೆಲ್ಫಿಯಾದ ನರ್ಸ್ ನಮ್ಮ ಹಳ್ಳಿಯ ಬಾಗಿಲಿಗೆ ಬರುವುದಿಲ್ಲ ನಿಜ. ಆದರೆ ನಮ್ಮ ಅನೇಕ ಉಪಕೇಂದ್ರಗಳಲ್ಲಿ ಈಗ ಸಮುದಾಯ ಆರೋಗ್ಯ ಅಧಿಕಾರಿಗಳಿದ್ದಾರೆ. ಅವರಲ್ಲಿ ಬಹುಪಾಲು ನರ್ಸಿಂಗ್ ಪದವೀಧರರು. ಮನೆಗೆ ಬಂದ ಎರಡು ದಿನಗಳೊಳಗೆ ಬಿಡುಗಡೆ ಪತ್ರವನ್ನೂ ಎಲ್ಲ ಗುಳಿಗೆಗಳನ್ನೂ ಅವರ ಮುಂದಿಟ್ಟು ಓದಿಸಿಕೊಳ್ಳಬಹುದು. ಆಶಾ ಕಾರ್ಯಕರ್ತೆಯರ ಮೂಲಕ ಹೇಳಿಕಳುಹಿಸಬಹುದು. ಮನೆಯಲ್ಲಿ ಎಲ್ಲರೂ ನೋಡಿಕೊಳ್ಳುತ್ತೇವೆ ಎನ್ನುವುದಕ್ಕಿಂತ ಒಬ್ಬರೇ ಹೊಣೆ ಹೊತ್ತು, ಆಸ್ಪತ್ರೆಯಲ್ಲಿದ್ದಾಗಲೇ ನರ್ಸ್ ಬಳಿ ಕುಳಿತು, ಯಾವುದು ಹೊಸದು, ಯಾವುದು ನಿಂತಿತು, ಯಾವ ಲಕ್ಷಣ ಕಂಡರೆ ಯಾರಿಗೆ ಫೋನು ಮಾಡಬೇಕು ಎಂಬ ಮೂರನ್ನು ಕೇಳಿ, ಕೇಳಿದ್ದನ್ನು ಅವರಿಗೇ ತಿರುಗಿ ಒಪ್ಪಿಸಬೇಕು. ತಪ್ಪಿದ್ದರೆ ಅಲ್ಲಿಯೇ ತಿಳಿಯುತ್ತದೆ. ಹೃದಯ ದುರ್ಬಲವಾದವರ ತೂಕವನ್ನು ಪ್ರತಿದಿನ ಬೆಳಿಗ್ಗೆ ಬರೆದಿಡಬೇಕು. ಒಂದು ದಿನದಲ್ಲಿ ಒಂದು ಕಿಲೋ, ಅಥವಾ ವಾರದಲ್ಲಿ ಎರಡು ಕಿಲೋ ಮೀರಿ ಏರಿದರೆ ಕಾಲು ಊದುವವರೆಗೆ ಕಾಯದೆ ವೈದ್ಯರಿಗೆ ತಿಳಿಸಬೇಕು. ಹಾಸಿಗೆಯಿಂದ ಏಳುವಾಗ ಎರಡು ನಿಮಿಷ ಅಂಚಿನಲ್ಲಿ ಕುಳಿತು ನಿಲ್ಲಬೇಕು, ರಾತ್ರಿ ಬಚ್ಚಲಿನ ದಾರಿಯಲ್ಲಿ ದೀಪವಿರಬೇಕು. ಹಿರಿಯರು ಇದ್ದಕ್ಕಿದ್ದಂತೆ ತಬ್ಬಿಬ್ಬಾಗಿ ಮಾತನಾಡತೊಡಗಿದರೆ ಅದನ್ನು ಅರಳುಮರಳೆಂದು ಬಿಡಬಾರದು. ಅದು ಹೊಸ ಸೋಂಕಿನ ಅಥವಾ ಔಷಧಿಯ ದೋಷದ ಸೂಚನೆಯಾಗಿರಬಹುದು.

ಶಸ್ತ್ರಚಿಕಿತ್ಸೆ ಮುಗಿಸಿ ಕಾಕಾ ಎರಡನೆಯ ಬಾರಿ ಮನೆಗೆ ಬಂದ ಸಂಜೆ ನಾವೂ ಅಲ್ಲಿಯೇ ಇದ್ದೆವು. ಕಾಕಿ ಮೊರವೊಂದನ್ನು ತಂದು ಮನೆಯಲ್ಲಿದ್ದ ಎಲ್ಲ ಗುಳಿಗೆಗಳನ್ನೂ ಅದರಲ್ಲಿ ಸುರಿದರು. ಕಪಾಟಿನವು, ದೇವರ ಮಾಡದ ಪಕ್ಕದವು, ದಿಂಬಿನ ಕೆಳಗಿನವು. ಹದಿನಾಲ್ಕು ಬಗೆ. ನಾವು ಬಿಡುಗಡೆ ಪತ್ರ ಹಿಡಿದು ಔಷಧಿಯ ಮೂಲ ಹೆಸರನ್ನು ಓದುತ್ತ ಹೋದೆವು, ಸಂಶಯವಿದ್ದ ಎರಡನ್ನು ಆಸ್ಪತ್ರೆಗೆ ಫೋನು ಮಾಡಿ ಕೇಳಿದೆವು. ಅಕ್ಕಿಯಲ್ಲಿ ಹರಳು ಆರಿಸುವಂತೆ ಕಾಕಿ ಒಂದೊಂದನ್ನೇ ಬದಿಗೆ ಸರಿಸಿದರು. ಕೊನೆಗೆ ಉಳಿದವು ಆರು. ಅವುಗಳ ವೇಳೆಯನ್ನು ಹಾಲಿನ ಲೆಕ್ಕದ ಕ್ಯಾಲೆಂಡರಿನಲ್ಲಿ, ಹಾಲಿನ ಗೆರೆಗಳ ಕೆಳಗೆ, ತಮ್ಮದೇ ಗುರುತುಗಳಲ್ಲಿ ಬರೆದುಕೊಂಡರು: ಬೆಳಗಿನದಕ್ಕೆ ಸೂರ್ಯ, ರಾತ್ರಿಯದಕ್ಕೆ ಚಂದ್ರ.