ಗಾಂಜಾನಿಷೇಧಕ ಚಲಚ್ಚಿತ್ರವೂ ಹಾಸ್ಯರಸವೂ

ಶೃಂಗಾರದ ಅನುಕರಣದಿಂದ ಹಾಸ್ಯವು ಹುಟ್ಟುವುದೆಂದು ಭರತಮುನಿಯ ಮತ. ಶೃಂಗಾರವೊಂದೇ ಅಲ್ಲ, ಯಾವ ರಸವೇ ಆಗಲಿ ಅನೌಚಿತ್ಯದಿಂದ ಆಭಾಸವಾದರೆ ಹಾಸ್ಯಕ್ಕೆ ಕಾರಣವಾಗುವುದೆಂದು ಅಭಿನವಗುಪ್ತನು ಇದನ್ನು ವಿಸ್ತರಿಸಿರುವನು. ಇದಕ್ಕೆ ಅಮೆರಿಕಾ ದೇಶದ ಹಳೆಯ ಚಲಚ್ಚಿತ್ರವೊಂದು ಒಳ್ಳೆಯ ನಿದರ್ಶನ.

೧೯೩೬ರಲ್ಲಿ ಲೂಯಿ ಗ್ಯಾಸ್ನಿಯೆ ಎಂಬಾತನು ನಿರ್ದೇಶಿಸಿದ ಈ ಚಿತ್ರಕ್ಕೆ ಮೊದಲು ‘ಟೆಲ್ ಯುವರ್ ಚಿಲ್ಡ್ರನ್’, ಎಂದರೆ ‘ನಿಮ್ಮ ಮಕ್ಕಳಿಗೆ ತಿಳಿಸಿರಿ’ ಎಂಬ ಹೆಸರಿದ್ದಿತು. ಬಳಿಕ ಅದು ‘ರೀಫರ್ ಮ್ಯಾಡ್ನೆಸ್’ ಎಂದು ಪ್ರಸಿದ್ಧವಾಯಿತು. ರೀಫರ್ ಎಂದರೆ ಗಾಂಜಾ ತುಂಬಿದ ಸಿಗರೇಟು. ಶಾಲೆಯ ಮುಖ್ಯೋಪಾಧ್ಯಾಯನೊಬ್ಬನು ತಾಯಿತಂದೆಗಳ ಸಭೆಯಲ್ಲಿ ಈ ಕಥೆಯನ್ನು ಹೇಳುತ್ತಾನೆ. ಗಾಂಜಾ ಸೇದಿದ ತರುಣನೊಬ್ಬನು ಮೋಟಾರಿನಿಂದ ದಾರಿಹೋಕನನ್ನು ಕೆಡಹುತ್ತಾನೆ. ಕನ್ಯೆಯೊಬ್ಬಳು ಗುಂಡೇಟಿಗೆ ಬಲಿಯಾಗುತ್ತಾಳೆ. ಮತ್ತೊಬ್ಬಳು ಕಿಟಕಿಯಿಂದ ಧುಮುಕಿ ಸಾಯುತ್ತಾಳೆ. ಇನ್ನೊಬ್ಬನು ಹುಚ್ಚರ ಆಸ್ಪತ್ರೆಯನ್ನು ಸೇರುತ್ತಾನೆ. ಪಿಯಾನೋವನ್ನು ಇನ್ನೂ ವೇಗವಾಗಿ ನುಡಿಸೆಂದು ಒಬ್ಬನು ಕಣ್ಣರಳಿಸಿ ಕೂಗುವ ದೃಶ್ಯವಂತೂ ಸುವಿಖ್ಯಾತ.

ಈ ಅತಿರೇಕಕ್ಕೆ ನಿರ್ಮಾತೃಗಳ ಅಕೌಶಲವೊಂದೇ ಕಾರಣವಲ್ಲ. ೧೯೩೪ರಿಂದ ಹಾಲಿವುಡ್ಡಿನ ದೊಡ್ಡ ಕಂಪೆನಿಗಳು ಬಿಗಿಯಾದ ನಿಯಮಾವಳಿಗೆ ಒಳಪಟ್ಟಿದ್ದುವು. ಮಾದಕದ್ರವ್ಯದ ವ್ಯಾಪಾರವನ್ನು ತೋರಿಸುವುದು ಅವುಗಳಿಗೆ ನಿಷಿದ್ಧ. ಹೊರಗಿದ್ದ ಡ್ವೇನ್ ಎಸ್ಪರನಂಥ ವ್ಯಾಪಾರಿಗಳು ಇಂಥ ಚಿತ್ರಗಳನ್ನು ಲೋಕಶಿಕ್ಷಣವೆಂಬ ಹೆಸರಿನಿಂದ ಊರೂರಿಗೆ ಒಯ್ದರು. ನೋಟಕನಿಗೆ ಪಾಪದ ಸೊಗಸೂ ಬೇಕು, ನೀತಿಯ ಮುಸುಕೂ ಬೇಕು. ಆದುದರಿಂದ ಪಾಪವೆಷ್ಟೋ ದಂಡನೆಯೂ ಅಷ್ಟು ಘೋರವಾಗಬೇಕಾಯಿತು. ವಿಭಾವವು ಸೊಪ್ಪಿನ ಹೊಗೆ, ಅನುಭಾವವು ಕೊಲೆ ಮತ್ತು ಉನ್ಮಾದ! ಇವೆರಡಕ್ಕೂ ಹೊಂದಿಕೆಯಿಲ್ಲದುದರಿಂದ ಭಯಾನಕವು ಆಭಾಸವಾಯಿತು.

ಸತ್ಯವನ್ನು ಅರಿಯಲು ಆಧಾರವಿರಲಿಲ್ಲವೆಂದಲ್ಲ. ೧೮೯೩-೯೪ರಲ್ಲಿ ಭಾರತದಲ್ಲಿ ವಿಚಾರಣೆ ನಡೆಸಿದ ಗಾಂಜಾ ಆಯೋಗವು, ಮಿತವಾದ ಸೇವನೆಯಿಂದ ಸಾಮಾನ್ಯವಾಗಿ ಹಾನಿ ಕಾಣದು, ಅತಿಸೇವನೆಯಿಂದ ಹಾನಿಯುಂಟು ಎಂದು ವಿವೇಚಿಸಿದ್ದಿತು. ಹುಚ್ಚಾಸ್ಪತ್ರೆಗಳ ದಾಖಲೆಗಳು ಹುಚ್ಚಿಗೆ ಗಾಂಜಾವೇ ಕಾರಣವೆಂದು ಬರೆದುದನ್ನು ಪರೀಕ್ಷಿಸಿ, ಅವು ನಂಬತಕ್ಕವಲ್ಲವೆಂದೂ ಕಂಡುಕೊಂಡಿದ್ದಿತು.

ಪರಿಣಾಮವು ವಿಪರೀತವಾಯಿತು. ಗಾಂಜಾ ಕಾನೂನಿನ ಸಡಿಲಿಕೆಗಾಗಿ ಹೋರಾಡುತ್ತಿದ್ದ ಕೀತ್ ಸ್ಟ್ರೂಪ್ ಎಂಬಾತನು ೧೯೭೨ರಲ್ಲಿ ಈ ಚಿತ್ರದ ಪ್ರತಿಯನ್ನು ಕೊಂಡು, ಕಾಲೇಜುಗಳಲ್ಲಿ ತೋರಿಸಿ ತನ್ನ ಸಂಘಕ್ಕೆ ಹಣ ಕೂಡಿಸಿದನು. ಹೆದರಬೇಕಾಗಿದ್ದ ವಿದ್ಯಾರ್ಥಿಗಳು ನಕ್ಕರು.

ಆ ನಗೆಯಲ್ಲಿ ನಷ್ಟವೂ ಉಂಟು. ಎಳೆಯ ವಯಸ್ಸಿನ ಅತಿಸೇವನೆಯು ಕೆಲವರ ಚಿತ್ತಸ್ವಾಸ್ಥ್ಯವನ್ನು ಕೆಡಿಸಬಲ್ಲುದೆಂದು ಇಂದಿನ ವೈದ್ಯರು ಹೇಳುವ ಮಾತು ನಿಜವಾದುದು. ಆದರೆ ಒಮ್ಮೆ ಸುಳ್ಳಿನಿಂದ ಹೆದರಿಸಲ್ಪಟ್ಟವನು ಬಳಿಕ ಸತ್ಯವನ್ನು ಕೇಳಿಯೂ ನಗುವನು. ಹಿತೋಪದೇಶಕ್ಕೆ ಔಚಿತ್ಯವು ಅಲಂಕಾರವಲ್ಲ, ಪ್ರಾಣ.